ಅಲ್ ಅಜೀಜಿಯಾದ ಪನಾಮಾ

ಮೇ ತಿಂಗಳು ಬಂತೆಂದರೆ ನಮ್ಮ ಕ್ಯಾಂಪಿನ ನಲ್ಲಿಯಲ್ಲಿ ಕುದಿಯುವ ನೀರು ಬರುತ್ತದೆ. ಕಂಪನಿ ಕಾಯಿಸಿಕೊಡುವುದೇನಲ್ಲ. ಮಾಡಿನ ಮೇಲಿನ ಟ್ಯಾಂಕನ್ನು ಬಿಸಿಲೇ ನೋಡಿಕೊಳ್ಳುತ್ತದೆ. ಹಾಗಾಗಿ ಸ್ನಾನದ ನೀರನ್ನು ಹಿಂದಿನ ದಿನವೇ ಹಿಡಿದು, ಬಕೆಟ್ಟನ್ನು ಮಂಚದಡಿಗೆ ತಳ್ಳಿ ತಣಿಯಲು ಬಿಡಬೇಕು. ಆರನೇ ನಂಬರಿನ ಕೋಣೆಯಲ್ಲಿ ಎಂಟು ಜನ, ಎಂಟು ಬಕೆಟ್ಟು, ಒಂದು ಏಸಿ. ಬೆಳಗಿನ ಜಾವ ಎದ್ದವನು ಮೊದಲು ಬಗ್ಗಿ ನೋಡುವುದು ತನ್ನ ಬಕೆಟ್ಟು ಅಲ್ಲೇ ಇದೆಯೇ ಎಂದು. ಕಂಪನಿಯ ಕೈಪಿಡಿಯಲ್ಲಿ ಇದನ್ನೇ 'ದಿನದ ಇಪ್ಪತ್ತನಾಲ್ಕು ಗಂಟೆಯೂ ಬಿಸಿನೀರಿನ ಸೌಲಭ್ಯ' ಎಂದು ಬರೆದಿದ್ದಾರೆ.

ನಾನು ಮೋನು, ಉಪ್ಪಿನಂಗಡಿಯವನು. ಕಂಪನಿಯ ಪಿಕಪ್ ಓಡಿಸುತ್ತೇನೆ. ಕತಾರಿನ ಕೈಗಾರಿಕಾ ಪ್ರದೇಶವಾದ ಸನಾಯ್ಯಾದ ಈ ಕ್ಯಾಂಪೂ ನನಗೆ ಗೊತ್ತು, ಅಲ್ ಅಜೀಜಿಯಾದ ನಮ್ಮ ಮ್ಯಾನೇಜರರ ವಿಲ್ಲಾವೂ ಗೊತ್ತು. ಮ್ಯಾನೇಜರರ ಮನೆಗೆ ತರಕಾರಿ ತಲುಪಿಸುವುದು, ಗ್ಯಾಸ್ ಸಿಲಿಂಡರ್ ಬದಲಿಸುವುದು ನನ್ನದೇ ಕೆಲಸ. ಅದಕ್ಕೇ ಅವರು ನನ್ನನ್ನು 'ನಮ್ಮ ಮೋನು' ಎನ್ನುತ್ತಾರೆ. ಕ್ಯಾಂಪಿನವರೂ ಹಾಗೆಯೇ ಎನ್ನುತ್ತಾರೆ, ಬೇರೆ ಅರ್ಥದಲ್ಲಿ.

ನನ್ನ ಮೇಲಿನ ಮಂಚ ಬೋಜಣ್ಣನದು. ಹೆಜಮಾಡಿಯವನು. ಊರಲ್ಲಿ ಮೀನುಗಾರಿಕೆಯ ಬೋಟು ಕಟ್ಟುತ್ತಿದ್ದ. ಇಲ್ಲಿ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನ ಸೈಟಿನಲ್ಲಿ ಶಟರಿಂಗ್ ಕಾರ್ಪೆಂಟರ್. ಕಾಂಕ್ರೀಟು ಸುರಿಯುವುದಕ್ಕೆ ಹಲಗೆಯ ಅಚ್ಚು ಕಟ್ಟಿ, ಕಾಂಕ್ರೀಟು ಗಟ್ಟಿಯಾದ ಮೇಲೆ ಹಲಗೆ ಕಳಚುವುದು. ಎರಡು ವರ್ಷಕ್ಕೊಮ್ಮೆ ರಜೆ ಎಂದು ಕರಾರಿನಲ್ಲಿದೆ. ಅವನಿಗೆ ಎರಡು ವರ್ಷ ಏಳು ತಿಂಗಳಾಗಿತ್ತು.

ಊರಲ್ಲಿ ಅವನಿಗಿದ್ದದ್ದು ಅಕ್ಕ ಪೂವಕ್ಕ ಒಬ್ಬಳೇ. ಬೀಡಿ ಕಟ್ಟಿ ಇವನನ್ನು ಸಾಕಿದವಳು. ಅವಳ ಹೃದಯದ ಕವಾಟ ಕೆಟ್ಟಿತ್ತು. ಮಂಗಳೂರಿನ ಆಸ್ಪತ್ರೆಯವರು ಮೇ ಇಪ್ಪತ್ತೆಂಟಕ್ಕೆ ಆಪರೇಷನ್ ಎಂದು ದಿನ ಕೊಟ್ಟಿದ್ದರು. ಒಪ್ಪಿಗೆ ಪತ್ರಕ್ಕೆ ಮನೆಯವರೊಬ್ಬರು ಬಂದು ಸಹಿ ಹಾಕಬೇಕು. ಹಾಕುವವರಿಲ್ಲದಿದ್ದರೆ ದಿನ ಬೇರೆಯವರಿಗೆ ಹೋಗುತ್ತದೆ, ಮುಂದಿನ ಸರದಿ ಆರು ತಿಂಗಳಿಗೆ. ಪೂವಕ್ಕನ ಹತ್ತಿರ ಆರು ತಿಂಗಳು ಇದೆಯೆಂದು ಯಾವ ಡಾಕ್ಟರೂ ಹೇಳಿರಲಿಲ್ಲ.

ಊರಿಗೆ ಹೋಗಿ ಒಂದು ಸಹಿ ಹಾಕಬೇಕಾದರೆ ಇಲ್ಲಿ ಇನ್ನೊಂದು ಸಹಿ ಬೀಳಬೇಕು. ಈ ದೇಶಕ್ಕೆ ಬರುವುದು ಮಾತ್ರವಲ್ಲ, ಬಿಡುವುದೂ ಮಾಲೀಕರ ಇಷ್ಟ. ಎಕ್ಸಿಟ್ ಪರ್ಮಿಟ್ ಇಲ್ಲದೆ ವಿಮಾನ ಹತ್ತುವ ಹಾಗಿಲ್ಲ, ಪಾಸ್‌ಪೋರ್ಟು ಕಂಪನಿಯ ಕಪಾಟಿನಲ್ಲಿ. ಮಾಲೀಕರನ್ನು ನಾವು ಗೋಡೆಯ ಫೋಟೋದಲ್ಲಿ ಮಾತ್ರ ನೋಡಿದ್ದೇವೆ. ಅವರ ಪರವಾಗಿ ಸಹಿ ಹಾಕುವವರು ಪೃಥ್ವಿರಾಜ್ ಸಾರ್. ನಮ್ಮದೇ ಕಡೆಯವರು. ಅವರಿಗೆ ನಮ್ಮಿಂದ ಕೆಲಸ ಆಗಬೇಕಾದಾಗ ತುಳು ಮಾತಾಡುತ್ತಾರೆ. ನಮಗೆ ಅವರಿಂದ ಆಗಬೇಕಾದಾಗ ಇಂಗ್ಲಿಷ್.

ಏಪ್ರಿಲ್ ಇಡೀ ಬೋಜಣ್ಣ ಕ್ಯಾಂಪ್ ಆಫೀಸಿನ ಕಿಟಕಿಯಲ್ಲಿ ಇಂಗ್ಲಿಷ್ ಕೇಳಿದ. 'ಅಂಡರ್ ಪ್ರೋಸೆಸ್.' ಮೇ ಮೊದಲನೇ ವಾರ ಒಮ್ಮೆಲೇ ಸಾರ್ ತುಳುವಿನಲ್ಲಿ ಕರೆದರು.

"ಬೋಜ, ನೀನು ಬೋಟು ಕಟ್ಟುತ್ತಿದ್ದವನಲ್ವಾ ಮಾರಾಯ?"

"ಹೌದು ಸಾರ್."

"ನಮ್ಮ ತೃಷಾನ ಸ್ಕೂಲಲ್ಲಿ ಎಗ್ಸಿಬಿಷನ್ ಉಂಟು. ಅವಳಿಗೆ ಒಂದು ದೇಶ ಬಂದಿದೆ. ಪನಾಮಾ. ಅದರ ಹಿಸ್ಟರಿ ಮಾಡ್ಲಿಕ್ಕುಂಟು. ಒಂದು ಕಾಲುವೆ, ಅದರಲ್ಲಿ ಹಡಗು. ನೀರು ಹರಿಯಬೇಕು. ಹೋದ ವರ್ಷ ಫಸ್ಟ್ ಬಂದವನ ಅಪ್ಪ ನಮ್ಮ ಎದುರಾಳಿ ಕಂಪನಿಯವ, ಗೊತ್ತುಂಟಾ?"

"ಸಾರ್, ನನ್ನ ಎಕ್ಸಿಟ್..."

"ಅದು ನನ್ನ ಟೇಬಲ್ ಮೇಲೆಯೇ ಉಂಟು. ನಾವು ನಾವೇ ಅಲ್ವಾ? ಇದೊಂದು ಮುಗಿಸಿಬಿಡು, ಅದೂ ಮುಗೀತದೆ."

ಹೀಗೆ ಕತಾರಿನಲ್ಲಿ ಪನಾಮಾ ಕಾಲುವೆ ತೋಡುವ ಕೆಲಸ ಶುರುವಾಯಿತು. ಕೆಲಸದ ದಿನ ಶುಕ್ರವಾರ. ಅದು ನಮಗೆ ವಾರದ ಒಂದೇ ರಜೆ. ಜಾಗ, ಅಜೀಜಿಯಾದ ವಿಲ್ಲಾದ ಕಾರ್ ಶೆಡ್ಡು. ಹಲಗೆಗಳನ್ನು ನಾನೇ ಸೈಟಿನಿಂದ ತಂದೆ. ಗೇಟ್ ಪಾಸಿನಲ್ಲಿ 'ಕಸ' ಎಂದು ಬರೆದುಕೊಟ್ಟವರು ಸಾರ್.

ಸಾರಿನ ಮಗಳು ತೃಷಾ ಎಂಟನೇ ಕ್ಲಾಸು. ಒಳ್ಳೆಯ ಹುಡುಗಿ. ಇಂಟರ್ನೆಟ್ಟಿನಿಂದ ತೆಗೆದ ಒಂದು ಕಟ್ಟು ಕಾಗದ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಳು. ಬೋಜಣ್ಣ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ.

"ಅಂಕಲ್, ಡ್ರಾಯಿಂಗ್ ಬೇಡ್ವಾ?"

"ಬೇಡ ಮಗಾ. ಹಡಗು ಹೇಗೆ ಹೋಗ್ತದೆ, ಅದು ಹೇಳು ಸಾಕು."

ಹಡಗು ಗುಡ್ಡ ಹತ್ತುತ್ತದೆ ಎಂದಳು. ಒಂದು ತೊಟ್ಟಿಯೊಳಗೆ ಬಂದು ನಿಲ್ಲುತ್ತದೆ, ಬಾಗಿಲು ಮುಚ್ಚುತ್ತಾರೆ, ನೀರು ತುಂಬಿಸುತ್ತಾರೆ, ಹಡಗು ಮೇಲೆ ಬರುತ್ತದೆ, ಮುಂದಿನ ತೊಟ್ಟಿಗೆ ಹೋಗುತ್ತದೆ.

"ನೀರಿನ ಮೆಟ್ಟಿಲು," ಎಂದ ಬೋಜಣ್ಣ. ಅಷ್ಟೇ. ಸಂಜೆಯ ಹೊತ್ತಿಗೆ ಆರು ತೊಟ್ಟಿಗಳ ಚೌಕಟ್ಟು ನಿಂತಿತ್ತು. ಬೋಟಿನ ಹಲಗೆಯ ಸಂದಿಗೆ ಹತ್ತಿ ತುರುಕಿ ಬಿಗಿಮಾಡುವ ಹಾಗೆ ಇಲ್ಲಿಯೂ ಮಾಡಿದ. ಒಂದು ಹನಿ ಸೋರಲಿಲ್ಲ.

ಅವನು ಹಲಗೆ ಕೊಯ್ಯುವಾಗ ತೃಷಾ ಓದುತ್ತಿದ್ದಳು. ಮೊದಲು ಫ್ರೆಂಚರು ಬಂದರು, ತೋಡಿದರು, ಇಪ್ಪತ್ತು ಸಾವಿರ ಜನ ಜ್ವರದಲ್ಲಿ ಸತ್ತರು, ಕಂಪನಿ ದಿವಾಳಿಯಾಯಿತು. ಆಮೇಲೆ ಅಮೆರಿಕದವರು ಬಂದರು. ಆಗ ಪನಾಮಾ ಕೊಲಂಬಿಯಾದ ಒಂದು ತುಂಡು. ಅಮೆರಿಕದ ಯುದ್ಧನೌಕೆ ಎದುರಿಗೆ ನಿಂತಿತು, ಪನಾಮಾ ಸ್ವತಂತ್ರ ದೇಶವಾಯಿತು. ಎರಡೇ ವಾರದಲ್ಲಿ ಕಾಲುವೆಯ ಒಪ್ಪಂದ.

"ಆ ಟ್ರೀಟಿ ಸೈನ್ ಮಾಡಿದ್ದು ಪನಾಮಾದವ್ರು ಅಲ್ಲ ಅಂಕಲ್. ಒಬ್ಬ ಫ್ರೆಂಚ್ ಎಂಜಿನಿಯರ್. ಪನಾಮಾದವ್ರು ಟ್ರೈನಲ್ಲಿ ಬರ್ತಾ ಇದ್ರು. ರೀಚ್ ಆಗುವಾಗ ಸೈನ್ ಆಗಿತ್ತು."

ಬೋಜಣ್ಣನ ಗರಗಸ ನಿಂತಿತು. "ಅವರ ದೇಶಕ್ಕೆ ಬೇರೆಯವ ಸಹಿ ಹಾಕಿದನಾ?"

"ಹೌದು."

"ಅವನಿಗೆ ಪೆನ್ನು ಕೊಟ್ಟದ್ದು ಯಾರು?"

"ಅದು ಇದರಲ್ಲಿ ಇಲ್ಲ," ಎಂದಳು ತೃಷಾ, ಪುಟ ಮಗುಚಿ ನೋಡಿ.

ಮುಂದಿನ ಶುಕ್ರವಾರ ಅವಳು ಕೆಲಸದವರ ಪುಟಕ್ಕೆ ಬಂದಳು. ಇದು ಅವಳಿಗೆ ತುಂಬಾ ಆಶ್ಚರ್ಯದ ಪುಟವಾಗಿತ್ತು. "ಅಂಕಲ್, ಕೇಳಿ. ಅಲ್ಲಿ ಎರಡು ಲಿಸ್ಟ್. ಗೋಲ್ಡ್ ರೋಲ್, ಸಿಲ್ವರ್ ರೋಲ್. ಬಿಳಿ ಅಮೆರಿಕನ್ಸ್‌ಗೆ ಚಿನ್ನದ ಕಾಯಿನ್‌ನಲ್ಲಿ ಸ್ಯಾಲರಿ. ಬಾರ್ಬಡೋಸಿಂದ ಬಂದ ಕಪ್ಪು ಲೇಬರ್ಸ್‌ಗೆ ಬೆಳ್ಳಿ ಕಾಯಿನ್. ಮತ್ತೆ ಎಲ್ಲ ಬೇರೆ. ಮನೆ ಬೇರೆ, ಊಟ ಬೇರೆ, ಹಾಸ್ಪಿಟಲ್ ಬೇರೆ, ಪೋಸ್ಟ್ ಆಫೀಸಲ್ಲಿ ಕಿಟಕಿ ಬೇರೆ. ಕುಡಿಯೋ ನೀರೂ ಬೇರೆ. ಲೇಬರ್‌ಗೆ ಒಂದು ಹಿತ್ತಾಳೆ ಬಿಲ್ಲೆ, ಅದ್ರಲ್ಲಿ ನಂಬರ್. ಹೆಸ್ರಿಲ್ಲ, ನಂಬರ್."

ಬೋಜಣ್ಣ ಕಾದ. ನಾನೂ ಕಾದೆ.

"ಮತ್ತೆ?" ಎಂದ ಬೋಜಣ್ಣ.

"ಅಷ್ಟೇ."

"ಅಲ್ಲ ಮಗಾ, ಇದರಲ್ಲಿ ವಿಶೇಷ ಎಂತ ಉಂಟು? ಸೈಟು ಅಂದ ಮೇಲೆ ಹಾಗೇ ಅಲ್ವಾ?"

ತೃಷಾ ಅವನ ಮುಖ ನೋಡಿದಳು. ಆಮೇಲೆ ನನ್ನ ಮುಖ. ಪುಟದ ಅಂಚಿನಲ್ಲಿ ಪೆನ್ನಿನಿಂದ ಒಂದು ಗೆರೆ ಎಳೆದಳು.

"ನಂಗೆ ಕೆಲಸದವ್ರ ಗೊಂಬೆ ಬೇಕು ಅಂಕಲ್. ತುಂಬಾ ಜನ. ಎರಡೂ ಥರ."

ಗೊಂಬೆಗಳನ್ನು ಮಾಡಿದ್ದು ಕ್ಯಾಂಪಿನಲ್ಲಿ. ಊಟವಾದ ಮೇಲೆ ಮೆಸ್ಸಿನ ಬೆಂಚಿನ ಮೇಲೆ ಗೋಡೆಗೆ ಹಚ್ಚುವ ಪುಟ್ಟಿಯ ಡಬ್ಬ ಇಟ್ಟುಕೊಂಡು ಸೈಟಿನ ನಲವತ್ತೆರಡು ಕಾರ್ಪೆಂಟರುಗಳೂ ಕೂತರು. ಇಷ್ಟು ಖುಷಿಯಲ್ಲಿ ಆ ಮೆಸ್ಸನ್ನು ನಾನು ನೋಡಿದ್ದಿಲ್ಲ. ಟೈಮ್‌ಕೀಪರ್ ಜೇಕಬ್, ತಿರುವಲ್ಲಾದ ಮುದುಕ, ಬೈಯಲು ಬಂದವನು ತಾನೂ ಒಂದು ಉಂಡೆ ತೆಗೆದುಕೊಂಡ. ತನ್ನ ಗೊಂಬೆಗೆ ಕನ್ನಡಕ ಇಟ್ಟ.

ನಮ್ಮವರಲ್ಲಿ ಪನಾಮಾ ನೋಡಿದವರಿಲ್ಲ. ಕಾಲುವೆ ತೋಡಿದ ಕಾಲದಲ್ಲಿ ಪ್ಲಾಸ್ಟಿಕ್ಕಿನ ಹೆಲ್ಮೆಟ್ಟು ಇರಲಿಲ್ಲ ಎಂದು ಅವರಿಗೆ ಹೊಳೆಯಲಿಲ್ಲ. ಕೆಲಸದವನು ಎಂದರೆ ನೀಲಿ ಕವರಾಲು, ಹಳದಿ ಹೆಲ್ಮೆಟ್ಟು, ಎದೆಯ ಮೇಲೆ ನಂಬರು. ಹಾಗೆಯೇ ಮಾಡಿದರು. ಪ್ರತಿಯೊಬ್ಬನೂ ತನ್ನದೇ ನಂಬರು ಬರೆದ. ಬಾರ್ಬಡೋಸಿನವರ ಮನೆ ಎಂದರೆ ತಗಡಿನ ಕೋಣೆ, ಎರಡಂತಸ್ತಿನ ಮಂಚ, ಅಡಿಯಲ್ಲಿ ಬಾಟಲಿಯ ಮುಚ್ಚಳದ ಬಕೆಟ್ಟು. ಬಿಳಿಯರ ಕಡೆ ನೀರಿನ ಕೂಲರು, ಕರಿಯರ ಕಡೆ ಬಿಸಿಲಿನಲ್ಲಿ ಡ್ರಮ್ಮು. ಒಂದು ಆಫೀಸು, ಅದಕ್ಕೊಂದು ಸಣ್ಣ ಕಿಟಕಿ, ಅದರೆದುರು ಸಾಲು. ಕಿಟಕಿಯ ಒಳಗೆ ಬೀಗ ಹಾಕಿದ ಕಪಾಟು. ಒಳಗೆ ಒಬ್ಬ ಮ್ಯಾನೇಜರ್ ಬೇಕಲ್ಲ, ಅವನನ್ನೂ ಮಾಡಿದರು. ಬಿಳಿ ಹೆಲ್ಮೆಟ್ಟು, ದಪ್ಪ ಮೀಸೆ, ಅಂಗಿಯ ಗುಂಡಿ ಬಿಡುವಂಥ ಹೊಟ್ಟೆ. ಪೃಥ್ವಿರಾಜ್ ಸಾರಿನ ಹಾಗೆ ಮಾಡಬೇಕೆಂದು ದೇವರಾಣೆಗೂ ಯಾರೂ ಅಂದುಕೊಂಡಿರಲಿಲ್ಲ. ಮ್ಯಾನೇಜರ್ ಎಂದರೆ ನಮಗೆ ಗೊತ್ತಿದ್ದ ಆಕಾರ ಅದೊಂದೇ.

ಗುರುವಾರ ಸಂಜೆ ಸಾರ್ ಕಾಲುವೆ ನೋಡಿದರು. ಅವರು ನೋಡಿದ್ದು ಹಡಗನ್ನು. ಅದರ ಪಕ್ಕೆಯಲ್ಲಿ ನಮ್ಮ ಕಂಪನಿಯ ಹೆಸರನ್ನು ಬರೆಸಿದ್ದರು. ಗೊಂಬೆಗಳು ಆಗ ಇನ್ನೂ ನನ್ನ ಪಿಕಪ್ಪಿನಲ್ಲಿ, ಖಬೂಸ್ ರೊಟ್ಟಿಯ ಪೆಟ್ಟಿಗೆಯೊಳಗೆ ಇದ್ದವು.

ಮೇ ಹದಿನೆಂಟು, ಶುಕ್ರವಾರ, ಶಾಲೆಯ ಹಾಲಿನಲ್ಲಿ ಎಗ್ಸಿಬಿಷನ್. ಬೋಜಣ್ಣ ಮೇಜಿನ ಹಿಂದಿನ ಪರದೆಯ ಆಚೆ ನೆಲದ ಮೇಲೆ ಕೂತು ನೀರಿನ ಕವಾಟ ತಿರುಗಿಸುವುದು, ನಾನು ಖಾಲಿಯಾದ ಡ್ರಮ್ಮು ತುಂಬಿಸುವುದು. ಮುಂದೆ ತೃಷಾ. ಹಡಗು ಮೆಟ್ಟಿಲು ಹತ್ತಿದಾಗಲೆಲ್ಲ ಜನ ಚಪ್ಪಾಳೆ ತಟ್ಟುತ್ತಿದ್ದರು. ಹತ್ತು ಗಂಟೆಗೆ ಪಾಲಕರು ಬಂದರು. ಎಲ್ಲ ಕಂಪನಿಗಳ ಮ್ಯಾನೇಜರುಗಳು, ಅವರ ಹೆಂಡತಿಯರು, ಅವರ ಸೆಂಟು.

ಇತಿಹಾಸದ ಉರ್ಸುಲಾ ಟೀಚರ್ ಬಗ್ಗಿ ಗೊಂಬೆಗಳನ್ನು ನೋಡಿದರು. ಕನ್ನಡಕ ತೆಗೆದು ಮತ್ತೆ ನೋಡಿದರು.

"ತೃಷಾ, ಈ ಕ್ಯಾಂಪಿನ ವಿವರ ಯಾವ ಪುಸ್ತಕದಲ್ಲಿ ಸಿಕ್ಕಿತು?"

"ಪುಸ್ತಕದಲ್ಲಿ ಅಲ್ಲ ಮಿಸ್. ಬೋಜ ಅಂಕಲ್ ಮತ್ತೆ ಅವ್ರ ಫ್ರೆಂಡ್ಸ್ ಮಾಡಿದ್ರು. ಅವ್ರು ಪಪ್ಪನ ಕ್ಯಾಂಪಲ್ಲಿ ಇರೋದು. ಅಲ್ಲಿ ಈಗಲೂ ಹೀಗೇ."

ಪರದೆಯ ಸಂದಿಯಿಂದ ನನಗೆ ಪೃಥ್ವಿರಾಜ್ ಸಾರ್ ಕಾಣುತ್ತಿದ್ದರು. ಎದುರಾಳಿ ಕಂಪನಿಯ ಮ್ಯಾನೇಜರ್ ಕಿಟಕಿಯ ಗೊಂಬೆಯತ್ತ ಬೆರಳು ತೋರಿಸಿ, "ಪೃಥ್ವಿ, ಮೀಸೆ ಕರೆಕ್ಟ್ ಬಂದಿದೆ," ಎಂದ. ಸುತ್ತಲಿನವರು ನಕ್ಕರು. ಅವರ ಕ್ಯಾಂಪಿನ ಡ್ರಮ್ಮೂ ಬಿಸಿಲಿನಲ್ಲೇ ಇರುವುದು. ಆದರೆ ಅದರ ಗೊಂಬೆ ಯಾರೂ ಮಾಡಿರಲಿಲ್ಲ.

ತೃಷಾಗೆ ಮೊದಲ ಬಹುಮಾನ ಬಂತು. ಚಿನ್ನದ ಬಣ್ಣದ ಪದಕ. ಅದನ್ನು ಕೊಟ್ಟವರು, ಅಪ್ಪನೊಂದಿಗೆ ಫೋಟೋ ಎಂದರು. ಸಾರ್ ಫೋಟೋದಲ್ಲಿ ನಕ್ಕರು.

ಮಾರನೆಯ ದಿನ ಸಂಜೆ ಅವರು ಕಿಟಕಿಯಲ್ಲಿ ಕೂತಿದ್ದರು. ಇಂಗ್ಲಿಷೂ ಇಲ್ಲ, ತುಳುವೂ ಇಲ್ಲ.

"ಎಕ್ಸಿಟ್ ಮಾಫಿ," ಎಂದರು ಅರಬಿಯಲ್ಲಿ, ಇಲ್ಲ ಎಂಬ ಅರ್ಥದಲ್ಲಿ.

"ಸಾರ್, ಇಪ್ಪತ್ತೆಂಟಕ್ಕೆ ಅಕ್ಕನ ಆಪರೇಷನ್. ನೀವೇ ಹೇಳಿದ್ದಿರಲ್ಲ..."

"ನನ್ನನ್ನು ಬೊಂಬೆ ಮಾಡುವಾಗ ಅಕ್ಕನ ನೆನಪು ಇರಲಿಲ್ವಾ? ಸೆಪ್ಟೆಂಬರ್ ತನಕ ಯಾರಿಗೂ ಲೀವ್ ಇಲ್ಲ. ಕೆಲಸ ಮಾಡುವುದಾದ್ರೆ ಮಾಡು. ಒಂದು ದಿನ ಸೈಟಿನ ಬಸ್ಸು ಹತ್ತದಿದ್ರೆ ಡಿಪೋರ್ಟ್ ಮಾಡಿ ಬಿಸಾಡ್ತೇನೆ. ಖಲಾಸ್."

ಬೋಜಣ್ಣ ಮೆಸ್ಸಿಗೆ ಬಂದು ಕೂತ. ತಟ್ಟೆ ಮುಟ್ಟಲಿಲ್ಲ. ಅದನ್ನು ಪಕ್ಕಕ್ಕೆ ಸರಿಸಿ ಕೇಳಿದ, "ಮೋನು, ಡಿಪೋರ್ಟ್ ಅಂದ್ರೆ ಸರಿಯಾಗಿ ಎಂತ?"

"ಊರಿಗೆ ಓಡಿಸುವುದು."

"ಟಿಕೇಟು?"

"ಕಂಪನಿದು."

"ಎಕ್ಸಿಟ್ ಸಹಿ?"

"ಅದೂ ಅವರೇ ಹಾಕ್ಬೇಕು."

"ಮತ್ತೆ ರಜೆಯಲ್ಲಿ ಹೋದ್ರೆ?"

"ಅದೇ. ಟಿಕೇಟು ಅವರದು, ಸಹಿ ಅವರದು."

"ಹಾಗಾದ್ರೆ ಒಳ್ಳೆಯವನಾಗಿ ಎರಡೂವರೆ ವರ್ಷ ಕಾದದ್ದು ಯಾಕೆ ನಾನು?"

ಮೆಸ್ಸಿನಲ್ಲಿ ಯಾರೋ ನಕ್ಕರು.

ಜೇಕಬ್ ಲೋಟ ಕೆಳಗಿಟ್ಟ. "ಅಷ್ಟು ಸುಲಭ ಅಲ್ಲ ಬೋಜಾ. ಒಬ್ಬನೇ ನಿಂತರೆ ಕೇಸು ಹಾಕ್ತಾನೆ. ಡಿಪೋರ್ಟೇಷನ್ ಜೈಲಿನಲ್ಲಿ ಮೂರು ತಿಂಗಳು ಕೂರಿಸ್ತಾನೆ. ನಿನ್ನ ಇಪ್ಪತ್ತೆಂಟು ಅಲ್ಲೇ ಮುಗೀತದೆ."

"ಎಲ್ಲರೂ ನಿಂತರೆ?" ಎಂದಿತು ಮೂಲೆಯ ಬೆಂಚು.

"ಪನಾಮಾದವ್ರೂ ನಿಂತಿದ್ರು," ಎಂದೆ ನಾನು. ತೃಷಾ ಓದಿದ್ದು ನನಗೆ ನೆನಪಿತ್ತು. "ಸಾವಿರಗಟ್ಟಲೆ ಬೆಳ್ಳಿಯವರು, ಸಾವಿರದ ಒಂಬೈನೂರ ಇಪ್ಪತ್ತರಲ್ಲಿ. ಹತ್ತು ದಿನದೊಳಗೆ ಸೋತರು. ಮನೆಯಿಂದ ಹೊರಗೆ ಹಾಕಿದ್ರಂತೆ."

"ಕಾಲುವೆ ಮುಗಿದದ್ದು ಯಾವಾಗ?" ಬೋಜಣ್ಣ ಕೇಳಿದ.

"ಹದಿನಾಲ್ಕರಲ್ಲಿ."

ಅವನು ಬೆರಳು ಮಡಚಿ ಲೆಕ್ಕ ಹಾಕಿದ. "ಮುಗಿದ ಮೇಲೆ ನಿಂತರಾ? ಅದೇ ತಪ್ಪಾದದ್ದು ಮಾರಾಯ. ಕಾಂಕ್ರೀಟು ಒಣಗಿದ ಮೇಲೆ ಕಾರ್ಪೆಂಟರ್ ಯಾರಿಗೆ ಬೇಕು? ಸುರಿಯುವ ದಿನ ನಿಲ್ಲಬೇಕಿತ್ತು."

ನಮ್ಮ ಸೈಟಿನಲ್ಲಿ ಸುರಿಯುವ ದಿನ ಬುಧವಾರ, ಮೇ ಇಪ್ಪತ್ತಮೂರು. ದೊಡ್ಡ ತಳಪಾಯ. ಬೆಳಿಗ್ಗೆ ಏಳಕ್ಕೆ ಶುರುಮಾಡಿದರೆ ಸಂಜೆಯ ತನಕ ಲಾರಿಯ ಹಿಂದೆ ಲಾರಿ. ಕಾಂಕ್ರೀಟಿಗೆ ನೀರು ಬಿದ್ದ ಮೇಲೆ ಈ ಬಿಸಿಲಿನಲ್ಲಿ ಒಂದೂವರೆ ಗಂಟೆಯೊಳಗೆ ಸುರಿಯಬೇಕು. ತಡವಾದರೆ ಲಾರಿಯ ಡ್ರಮ್ಮಿನೊಳಗೇ ಕಲ್ಲು. ಸುರಿಯುವಾಗ ಅಚ್ಚಿನ ಹಲಗೆಗಳ ಪಕ್ಕ ಕಾರ್ಪೆಂಟರುಗಳು ನಿಂತಿರಲೇಬೇಕು. ಒಂದು ಹಲಗೆ ಬಾಯಿಬಿಟ್ಟರೆ ಇಡೀ ಕೆಲಸ ನೆಲಕ್ಕೆ ಹರಿಯುತ್ತದೆ. ಅವರಿಲ್ಲದೆ ಗ್ಯಾಸ್ ಪ್ಲಾಂಟಿನವರು ಒಂದು ಬಾಂಡ್ಲಿಯನ್ನೂ ಸುರಿಯಲು ಬಿಡುವುದಿಲ್ಲ.

ಬುಧವಾರ ಬೆಳಿಗ್ಗೆ ನಾಲ್ಕೂವರೆಗೆ ಬಸ್ಸು ಬಂದು ಬಾಗಿಲು ತೆರೆಯಿತು. ನಲವತ್ತೆರಡು ಜನ ಸ್ನಾನ ಮಾಡಿ, ಕವರಾಲು ಹಾಕಿಕೊಂಡು, ಹೆಲ್ಮೆಟ್ಟು ಇಟ್ಟುಕೊಂಡು ಬಂದರು. ಬಸ್ಸಿನ ಪಕ್ಕದಿಂದ ಹಾದು ಆಫೀಸಿನ ಕಿಟಕಿಗೆ ಹೋಗಿ ಸಾಲು ನಿಂತರು. ಕೂಗಾಟವಿಲ್ಲ. ಬ್ಯಾಂಕಿನಲ್ಲಿ ನಿಂತ ಹಾಗೆ ನಿಂತರು. ಮೊದಲು ಬೋಜಣ್ಣ.

ನಾನು ಪಿಕಪ್ಪಿನಲ್ಲೇ ಕೂತಿದ್ದೆ. ಮ್ಯಾನೇಜರರ ಮನೆಗೆ ಹಾಲು ತಲುಪಿಸುವ ಹೊತ್ತು. ಕೀಲಿ ಕೈಯಲ್ಲಿತ್ತು. ತಿರುಗಿಸಲಿಲ್ಲ, ಇಳಿಯಲೂ ಇಲ್ಲ. ಈ ಮಾತನ್ನು ಹೇಳಿಬಿಡಬೇಕು. ಒಂದು ಗಂಟೆ ಹಾಗೇ ಕೂತಿದ್ದೆ.

ಐದೂಕಾಲಿಗೆ ಸಾರ್ ಬಂದು ಕಿಟಕಿಯ ಒಳಗೆ ನಿಂತರು. ಅಂಗಿಯ ಗುಂಡಿ ತಪ್ಪಿಸಿ ಹಾಕಿದ್ದರು.

"ಎಂತ ನಾಟಕ ಇದು? ಯಲ್ಲಾ, ಬೇಗ ಬಸ್ಸು ಹತ್ತಿ."

"ಹತ್ತುವುದಿಲ್ಲ ಸಾರ್," ಎಂದ ಬೋಜಣ್ಣ. "ಹತ್ತದಿದ್ರೆ ಡಿಪೋರ್ಟ್ ಅಂತ ನೀವು ಹೇಳಿದ್ದಿರಿ. ಅದಕ್ಕೇ ಬಂದೆವು."

"ಯಾವುದಕ್ಕೆ?"

"ಡಿಪೋರ್ಟಿಗೆ. ನಲವತ್ತೆರಡು ಜನ ಇದ್ದೇವೆ. ಜೇಕಬ್ ಹತ್ತಿರ ಲಿಸ್ಟ್ ಉಂಟು, ನಂಬರ್ ಪ್ರಕಾರ."

ಜೇಕಬ್ ತಲೆ ತಗ್ಗಿಸಿ ಲಿಸ್ಟನ್ನು ಮೇಜಿನ ಮೇಲಿಟ್ಟ. ಟೈಮ್‌ಕೀಪರ್ ಅಲ್ಲವೇ, ಅಚ್ಚುಕಟ್ಟಾಗಿ ಬರೆದಿದ್ದ.

ಸಾರ್ ಪೊಲೀಸರ ಹೆಸರು ಎತ್ತಿದರು. ಯಾರೂ ಅಲುಗಲಿಲ್ಲ. ತುಳುವಿಗೆ ಬಂದರು. ನಾವು ಒಂದೇ ಊರಿನವರು, ಒಂದೇ ನೀರು ಕುಡಿದವರು ಎಂದರು. ಸಾಲಿನ ಮಧ್ಯದಿಂದ ಯಾರೋ, "ಯಾವ ಡ್ರಮ್ಮಿದು ಸಾರ್?" ಎಂದ. ಆಗ ಅವರ ಫೋನು ಹೊಡೆದುಕೊಂಡಿತು. ಸೈಟಿನಿಂದ. ಈಚೆಗೂ ಕೇಳುತ್ತಿತ್ತು. ಲಾರಿ ಹೊರಡಿಸಲೋ ಬೇಡವೋ, ಕಾರ್ಪೆಂಟರುಗಳೆಲ್ಲಿ, ಪ್ಲಾಂಟಿನವರು ಬಂದು ನಿಂತಿದ್ದಾರೆ. ಸಾರ್ 'ಆನ್ ದಿ ವೇ' ಎಂದರು. ಸಾಲು ಕೇಳಿಸಿಕೊಂಡಿತು.

ಫೋನಿಟ್ಟು ಅವರು ಕಪಾಟಿನ ಬೀಗ ತೆಗೆದರು. ಸೀಟಿನಡಿಯಲ್ಲಿ ತುಂಬಿಸಿಟ್ಟಿದ್ದ ನನ್ನ ಎಕ್ಸಿಟ್ ಫಾರಂ ಹಿಡಿದುಕೊಂಡು ನಾನು ಗಾಡಿಯಿಂದ ಇಳಿದದ್ದು ಆಗ.

ಬೋಜಣ್ಣನ ಪಾಸ್‌ಪೋರ್ಟು ಹುಡುಕಲು ತುಂಬಾ ಹೊತ್ತು ಬೇಕಾಯಿತು. ರಬ್ಬರ್ ಬ್ಯಾಂಡು ಹಾಕಿದ ಕಟ್ಟುಗಳಲ್ಲಿ ಅದು ಎಲ್ಲಕ್ಕಿಂತ ಅಡಿಯಲ್ಲಿತ್ತು. ಎಕ್ಸಿಟ್ ಫಾರಂ ಮಾತ್ರ ನಿಜವಾಗಿಯೂ ಟೇಬಲ್ಲಿನ ಮೇಲೇ ಇತ್ತು, ಟೀ ಲೋಟದ ಕೆಳಗೆ, ಎರಡು ತಿಂಗಳ ಉಂಗುರದ ಕಲೆಗಳೊಂದಿಗೆ. ಸಹಿ ಹಾಕಲು ಮೂರು ಸೆಕೆಂಡು ಸಾಕಾಯಿತು. ಮೊಹರಿಗೆ ಇನ್ನೊಂದು.

"ತಗೊ. ಹೋಗಿ ಸಾಯಿ. ಈಗ ಹತ್ತಿ ಬಸ್ಸು, ಎಲ್ಲರೂ."

ಬೋಜಣ್ಣ ಕಾಗದವನ್ನು ಎರಡು ಸಲ ಓದಿದ. ಅವನಿಗೆ ಇಂಗ್ಲಿಷ್ ಬಾರದು, ಆದರೂ ಓದಿದ. ಅಂಗಿಯೊಳಗೆ ಇಟ್ಟುಕೊಂಡು, "ನಾಡಿದ್ದಿನ ಫ್ಲೈಟು ಹಿಡೀತೇನೆ ಸಾರ್, ಇವತ್ತು ಕೆಲಸಕ್ಕೆ ಹೋಗ್ತೇನೆ," ಎಂದ. ಕಿಟಕಿಯಿಂದ ಸರಿದ. ಬಸ್ಸಿಗೆ ಹತ್ತಲಿಲ್ಲ, ಅದರ ಮೆಟ್ಟಿಲ ಹತ್ತಿರ ನಿಂತು ಸಾಲನ್ನು ನೋಡಿದ.

ಸಾಲು ಒಂದು ಹೆಜ್ಜೆ ಮುಂದೆ ಬಂತು. ಬೋಜಣ್ಣನ ಹಿಂದೆ ನಿಂತಿದ್ದವನು ನನ್ನನ್ನು ನೋಡಿ ಪಕ್ಕಕ್ಕೆ ಜರುಗಿ ಜಾಗ ಬಿಟ್ಟ. ಯಾಕೆ ಬಿಟ್ಟನೋ ಗೊತ್ತಿಲ್ಲ. ಬಹುಶಃ ಮ್ಯಾನೇಜರರ ಮನುಷ್ಯ ಮೊದಲು ನಿಲ್ಲಲಿ ಎಂದು.

"ಮೋನು," ಎಂದರು ಸಾರ್. "ನಮ್ಮ ಮೋನು, ನೀನೂನಾ?"

"ಮೂರು ವರ್ಷ ಎರಡು ತಿಂಗಳಾಯ್ತು ಸಾರ್," ಎಂದೆ. "ನಾನು ಬಂದ ಮೇಲೆ ಹುಟ್ಟಿದ ಮಗ ಈಗ ಓಡ್ತಾನಂತೆ."

ಫೋನು ಮತ್ತೆ ಹೊಡೆದುಕೊಂಡಿತು. ಎರಡು ಲಾರಿಗೆ ನೀರು ಬಿದ್ದಾಗಿತ್ತು. ಸಾರ್ ಕೈಚಾಚಿ ಕಿಟಕಿಯ ಪರದೆ ಎಳೆಯಲು ನೋಡಿದರು. ನಾನು ಫಾರಂ ಹಿಡಿದ ಕೈಯನ್ನು ಮೊಣಕೈಯವರೆಗೆ ಒಳಗಿಟ್ಟೆ, ತೆಗೆಯಲಿಲ್ಲ.